ಎಡಗೈಗೆಂದೇ ಕಟ್ಟಿದ ಕೀಬೋರ್ಡ್

ಸಾನ್ ಹೋಸೆ, ಆಂತಿಕೆ
ಮಳೆ ಹೊಳವಾದ ಮಧ್ಯಾಹ್ನ

ಪ್ರೀತಿಯ ಮಾನಾಂಗ್ ಕ್ಲೊತಿಲ್ದೆ,

“ಗ್ರೂಪಲ್ಲಿ ನಂಗೆ ಥ್ಯಾಂಕ್ಸ್ ಹೇಳ್ಬೇಡ ಇಂದಾಯ್. ಎಲ್ರೂ ಬಂದು ಒಂದೊಂದು ಹೃದಯ ಒತ್ತಿ ಹೋಗ್ತಾರೆ, ನನ್ನ ಫೋನು ದಿನವಿಡೀ ಕುಂಯ್ ಅಂತಿರತ್ತೆ” ಎಂದು ನೀವು ಹೇಳಿದ್ದಿರಿ. ನೀವು ನನ್ನನ್ನು ಇಂದಾಯ್ ಎಂದರೆ, ನಲವತ್ತು ದಾಟಿದ ನಾನು ಈಗಲೂ ಪುಟ್ಟ ಹುಡುಗಿಯಾಗಿಬಿಡುತ್ತೇನೆ. ಹಾಗಾಗಿ ಗ್ರೂಪನ್ನು ಬಿಟ್ಟು, ಅಂಚೆಯಲ್ಲಿ ಕಳಿಸಲೆಂದು ಈ ಪತ್ರ ಬರೆಯುತ್ತಿದ್ದೇನೆ. ನೀವು ಕಟ್ಟಿಕೊಟ್ಟ ಕೀಬೋರ್ಡಿನಲ್ಲೇ ಬರೆಯುತ್ತಿದ್ದೇನೆ ಎಂದು ಬೇರೆ ಹೇಳಬೇಕಾಗಿಲ್ಲ.

ನಿಮ್ಮನ್ನು ಮಾನಾಂಗ್, ಅಕ್ಕ ಎಂದು ಕರೆಯುವುದು ಈಗಿನ ಮಾತು. ಆಗ ನೀವು ನಮಗೆಲ್ಲ ‘ತಲಾಬಾ ಬ್ರದರ್’. ಹೆಸರಿಗೆ ತಕ್ಕಂತೆ ಚಿತ್ರದ ಜಾಗದಲ್ಲಿ ಬಾಯಿ ಮುಚ್ಚಿಕೊಂಡ ಒಂದು ಸಿಂಪಿ, ಕೆಳಗೆ ಒಂದೆರಡು ಸಾಲಿನ ಗಡಸು ಉತ್ತರಗಳು. ಕೀಬೋರ್ಡ್ ಕಟ್ಟುವ ಹುಚ್ಚಿನ ಆ ಗ್ರೂಪಿನಲ್ಲಿ ನಿಮ್ಮ ಉತ್ತರ ಬಂದರೆ ಜಗಳ ಮುಗಿಯಿತು ಎಂದೇ ಲೆಕ್ಕ.

ನಾನು ಅಲ್ಲಿಗೆ ಬಂದದ್ದು ಹುಚ್ಚಿನಿಂದಲ್ಲ, ಗತಿಯಿಲ್ಲದೆ. ಹಾಮ್ತಿಕ್ ರಸ್ತೆಯಲ್ಲಿ ನಾನು ಕೂತಿದ್ದ ಬಾಡಿಗೆ ಟ್ರೈಸಿಕಲ್ ಪಲ್ಟಿಯಾಗಿ, ಭುಜದ ನರ ಜಗ್ಗಿ, ಬಲಗೈ ಹೆಗಲಿಗೆ ನೇತುಹಾಕಿದ ಚೀಲದಂತಾಗಿತ್ತು. ನಮ್ಮ ಕಾರಾಯ್-ಆ ಭಾಷೆಯಲ್ಲಿ ದಿನವೂ ಬೆಳಿಗ್ಗೆ ರೇಡಿಯೋದಲ್ಲಿ ಬರುತ್ತಿದ್ದ ಪುಟ್ಟ ಕಾರ್ಯಕ್ರಮವನ್ನು ಬರೆಯುತ್ತಿದ್ದವಳು ನಾನು. ಮೀನುಗಾರರ ಮಾತು, ನೇಯುವವರ ಮಾತು, ಮರೆತುಹೋಗುತ್ತಿರುವ ಒಂದೊಂದು ಪದ, ಅದರ ಹಿಂದಿನ ಕಥೆ. ಎಡಗೈಯೊಂದರಲ್ಲೇ ಮಾಮೂಲಿ ಕೀಬೋರ್ಡಿನ ಆ ತುದಿಯಿಂದ ಈ ತುದಿಗೆ ಓಡಾಡಿ ಮಣಿಕಟ್ಟು ಊದಿಕೊಂಡಿತು. ತಂಗಿ ಬರೆದುಕೊಡುತ್ತೇನೆಂದು ಕೂತಳು. ಆದರೆ ಇನ್ನೊಬ್ಬರು ಕಾಯುತ್ತಾ ಕೂತರೆ ನನಗೆ ಬಾಯಿಗೆ ಬಂದ ವಾಕ್ಯ ಹಾಗೇ ಒಳಗೆ ಹೋಗಿಬಿಡುತ್ತಿತ್ತು. ಸ್ಟೇಷನ್ ನೋಡಿಕೊಳ್ಳುವ ಸರ್ ರೊಹೇಲ್ ಒಳ್ಳೆಯವರೇ. “ಈಸ್ಟರ್‌ವರೆಗೆ ಹಳೇ ರೆಕಾರ್ಡಿಂಗ್ ಹಾಕಿ ತಳ್ತೀನಿ ಜೆನೆಲಿನ್. ಆಮೇಲೆ ಆ ಹೊತ್ತನ್ನ ಮನಿಲಾದ ಹಾಡುಗಳಿಗೆ ಕೊಡ್ಬೇಕಾಗತ್ತೆ” ಎಂದರು.

ಗ್ರೂಪಿನಲ್ಲಿ ನಾನು ಕೇಳಿದ್ದು ಇಷ್ಟೇ: ಒಂದೇ ಕೈಯಲ್ಲಿ ಬರೆಯಬಹುದಾದ ಕೀಬೋರ್ಡ್ ಕಟ್ಟಿಕೊಡುವವರು ಯಾರಾದರೂ ಇದ್ದಾರೆಯೇ? ಮೊದಲು ಬಂದ ಉತ್ತರವೇ, “ಫೋನಿಗೆ ಹೇಳಿ, ಅದೇ ಬರ್ಕೊಳ್ಳತ್ತೆ.” ಅದನ್ನು ನಾನು ಮಾಡದೇ ಬಿಟ್ಟಿದ್ದೆನೆ! ನಮ್ಮ ಮಳೆ ‘ಉರಾನ್’. ಅದು ಫೋನಿಗೆ ಗೊತ್ತಿಲ್ಲ. ಉರಾನ್ ಎಂದಾಗಲೆಲ್ಲ ಅದು ಇರಾನ್ ಎಂದು ಬರೆದುಕೊಳ್ಳುತ್ತಿತ್ತು. ನಮ್ಮ ಹಿತ್ತಲಿನ ಬಾಳೆಗಿಡಗಳ ಮೇಲೆ ಇಡೀ ರಾತ್ರಿ ಇರಾನ್ ಸುರಿದ ವರದಿಯನ್ನು ಓದಿ ತಂಗಿ ನೆಲದ ಮೇಲೆ ಬಿದ್ದು ನಕ್ಕಳು. ನಾನೂ ನಕ್ಕೆ. ಆಮೇಲೆ ಬಚ್ಚಲಿಗೆ ಹೋಗಿ ಅತ್ತೆ.

ಮರುದಿನ ಬಾಕೋಲೋದಿನ ಆರ್ವಿನ್ ಬರೆದ: “ಇಂಥ ಕಥೆಗಳನ್ನ ಬೇಕಾದಷ್ಟು ಕೇಳಿದೀವಿ. ಕೈಯ ಫೋಟೋ ಹಾಕಿ, ನಂಬ್ತೀವಿ.” ಅವನ ಹಿಂದೆ ಇನ್ನೊಂದಷ್ಟು ಜನ “ಹೌದು, ಫೋಟೋ, ಫೋಟೋ” ಎಂದು ಸೇರಿಕೊಂಡರು. ನಾನು ಅಂಗಿಯ ತೋಳನ್ನು ಎಡಗೈಯಿಂದ ಮಡಚಿ, ಫೋಟೋ ತೆಗೆದೂ ಬಿಟ್ಟಿದ್ದೆ ಮಾನಾಂಗ್. ಅದನ್ನು ನೋಡಿದಾಗ ನನ್ನದೇ ಕೈ ಸಂತೆಯಲ್ಲಿಟ್ಟ ಮೀನಿನ ಹಾಗೆ ಕಂಡಿತು. ಫೋಟೋ ಅಳಿಸಿದೆ, ಕೇಳಿದ್ದನ್ನೂ ಅಳಿಸಿದೆ. ಗ್ರೂಪ್ ಬಿಡಬೇಕೆಂದಿರುವಾಗ ನಿಮ್ಮ ಸಂದೇಶ ಬಂತು, ನನಗೊಬ್ಬಳಿಗೇ.

“ಕೆಟ್ಟ ಕೈ ಯಾರಿಗೂ ತೋರಿಸ್ಬೇಡ. ಒಳ್ಳೆ ಕೈನ ಹಾಳೆ ಮೇಲಿಟ್ಟು ಬೆರಳು ಅಗಲಿಸು, ಸುತ್ತ ಗೆರೆ ಎಳೆಸಿ ಕಳ್ಸು. ಯಾವ ಬೆರಳು ಎಲ್ಲಿವರೆಗೆ ಹೋಗತ್ತೆ, ಅಷ್ಟು ಗೊತ್ತಾದ್ರೆ ಸಾಕು ನಂಗೆ.”

ಅಪಘಾತವಾದಾಗಿನಿಂದ ಎಲ್ಲರೂ ನನ್ನ ಬಲಗೈಯನ್ನೇ ಕೇಳುತ್ತಿದ್ದರು. ಎಡಗೈಯನ್ನು ಮೊದಲು ಕೇಳಿದವರು ನೀವು.

ಆಮೇಲೆ ಗ್ರೂಪಿನವರೆಲ್ಲ ಇಲೋಯಿಲೋದಲ್ಲಿ ಸೇರಿದ ಆ ಭೇಟಿ. ಮಾಲಿನ ಮೇಲಂತಸ್ತಿನಲ್ಲಿ, ಬಾಚೋಯ್ ಸಾರಿನ ಘಮಲಿನ ನಡುವೆ, ಉದ್ದ ಮೇಜುಗಳ ತುಂಬ ಕೀಬೋರ್ಡುಗಳು. ಕಲ್ಲಂಗಡಿ ತಟ್ಟಿ ನೋಡುವವರಂತೆ ಹುಡುಗರು ಒಬ್ಬರ ಕೀಬೋರ್ಡಿಗೆ ಇನ್ನೊಬ್ಬರು ಕಿವಿಯಿಟ್ಟು ಕೂತಿದ್ದರು. ತಲಾಬಾ ಬ್ರದರ್ ಬರುತ್ತಾನೆಂದು ಎಲ್ಲರಿಗೂ ಕಾತರ. ದಪ್ಪ ಗಡ್ಡ ಇರುತ್ತದೆಂದು ಒಬ್ಬ, ಹಡಗಿನ ಎಂಜಿನಿಯರ್ ಎಂದು ಇನ್ನೊಬ್ಬ. ಆಗ ಹೂವಿನ ಚಿತ್ರದ ಕೊಡೆ ಮಡಚುತ್ತಾ, ಬಿಸ್ಕತ್ತಿನ ಡಬ್ಬಿಯೊಂದನ್ನು ಕಂಕುಳಲ್ಲಿಟ್ಟುಕೊಂಡು ನೀವು ಬಂದಿರಿ.

“ಲೋಲಾ, ಮೊಮ್ಮಗನ್ನ ಹುಡುಕ್ತಿದೀರಾ?” ಎಂದು ಒಬ್ಬ ಅಜ್ಜಿಗೆ ಕೊಡುವಂತೆ ಎದ್ದು ಕುರ್ಚಿ ಕೊಟ್ಟ.

“ಮೊಮ್ಮಗ ಬಾಸ್ಕೆಟ್‌ಬಾಲ್ ಆಡೋಕೆ ಹೋಗಿದಾನೆ. ನಿನ್ನ ಸ್ಪೇಸ್‌ಬಾರ್ ಯಾಕೆ ಹಿಂಗೆ ಗಲಗಲ ಅಂತಿದೆ? ಒಳಗೆ ಗ್ರೀಸ್ ಹಚ್ಚು ಅಂತ ಹೋದ ತಿಂಗಳೇ ಹೇಳಿರ್ಲಿಲ್ವಾ?”

ಆ ಗಡಸು ಮಾತು ಯಾರದೆಂದು ಹೊಳೆದಾಗ ಆ ಮೇಜಿನಿಂದ ಎದ್ದ ನಗುವನ್ನು ನಾನು ಸಾಯುವವರೆಗೂ ಮರೆಯುವುದಿಲ್ಲ. “ಬ್ರದರ್! ನಮ್ಮ ಬ್ರದರ್!” ಎಂದು ಒಬ್ಬೊಬ್ಬರೂ ಬಂದು ನಿಮ್ಮ ಕೈಯನ್ನು ಹಣೆಗೊತ್ತಿಕೊಂಡರು. ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಆಪರೇಟರ್ ಆಗಿದ್ದಾಗ ಎಡಗೈಯಲ್ಲಿ ತಂತಿ ಚುಚ್ಚುತ್ತಾ ಬಲಗೈಯಲ್ಲಿ ಬರೆಯುತ್ತಿದ್ದುದನ್ನು, ನಿವೃತ್ತಿಯ ನಂತರ ಬೆರಳುಗಳಿಗೆ ಬೇಜಾರಾಗಿ ಈ ಕೆಲಸ ಹಿಡಿದುದನ್ನು ಅಂದು ನೀವು ಹೇಳಿದಿರಿ.

ಆರ್ವಿನ್ ಬೆಳಗಿನ ದೋಣಿಯಲ್ಲೇ ಬಂದಿದ್ದ, ಪಿಯಾಯಾ ಸಿಹಿಯ ಪೊಟ್ಟಣ ಹಿಡಿದು. ನನ್ನ ಮುಂದೆ ನಿಂತು ಎಲ್ಲಿ ನೋಡಬೇಕೆಂದು ತಿಳಿಯದೆ, “ಫೋಟೋ ಕೇಳಿದ್ದು ನಾನೇ. ಹಿಂದೊಬ್ಬ ಕಾಯಿಲೆ ಅಂತ ಸುಳ್ಳು ಹೇಳಿ ನಮ್ಮತ್ರ ಬಿಡಿಭಾಗಗಳನ್ನ ಇಸ್ಕೊಂಡು ಮಾರ್ಕೊಂಡಿದ್ದ. ಅದ್ಕೆ...” ಎಂದು ತಡವರಿಸುತ್ತಿದ್ದ. ನೀವು ಅವನ ಕೈಗೆ ಬೆಸುಗೆ ಹಾಕುವ ಕಡ್ಡಿ ಕೊಟ್ಟು, “ಬಾಯಿ ಸಾಕು, ಕೈ ಮುಂದೆ ಮಾಡು” ಎಂದಿರಿ. ಬಿಸ್ಕತ್ತಿನ ಡಬ್ಬಿಯಲ್ಲಿ ನನ್ನ ಕೀಬೋರ್ಡ್ ಬಿಡಿಬಿಡಿಯಾಗಿತ್ತು. ಎಡಗೈಯ ಅಳತೆಗೆ ಬಾಗಿದ ಚೌಕಟ್ಟನ್ನು ಸೆಬುವಿನ ಯಾರೋ, ಮೆದು ಸ್ಪ್ರಿಂಗಿನ ಸ್ವಿಚ್ಚುಗಳನ್ನು ದಾವಾವೋದ ಯಾರೋ ಕಳಿಸಿದ್ದರಂತೆ. ಹೆಬ್ಬೆರಳಿನ ಕೀ ಒತ್ತಿ ಹಿಡಿದರೆ ಎಡಗಡೆಯ ಕೀಗಳೇ ಬಲಗಡೆಯ ಅಕ್ಷರಗಳನ್ನು ಕೊಡುವಂತೆ ನೀವು ಏರ್ಪಾಡು ಮಾಡಿದ್ದಿರಿ.

ಮೊದಲ ಸಲ ಹೆಬ್ಬೆರಳಿಗೆ ಆ ಕೀ ಎಟುಕಲಿಲ್ಲ. ಗೆರೆ ಎಳೆಯುವಾಗ ತಂಗಿ ಪೆನ್ಸಿಲನ್ನು ಓರೆ ಹಿಡಿದಿದ್ದಿರಬೇಕು. ನನ್ನ ಮುಖ ಬಾಡಿದ್ದನ್ನು ನೋಡಿ ಆರ್ವಿನ್ ಬೆಸುಗೆಗಳನ್ನೆಲ್ಲ ಬಿಚ್ಚಿ, ಆ ಕೀಯನ್ನು ಒಳಕ್ಕೆ ತಂದು, ಊಟವನ್ನೂ ಬಿಟ್ಟು ಮತ್ತೆ ಜೋಡಿಸಿದ. ಎಲ್ಲರೂ ಸುತ್ತ ನಿಂತಿರುವಾಗ ನಾನು ಒಂದೊಂದೇ ಅಕ್ಷರ ಒತ್ತಿದೆ. ಪರದೆಯ ಮೇಲೆ ‘ಉರಾನ್’ ಎಂದು ಬಂತು. ಯಾಕೆ ನಾನೊಬ್ಬಳೇ ಅಷ್ಟು ನಗುತ್ತಿದ್ದೇನೆಂದು ಯಾರಿಗೂ ಅರ್ಥವಾಗಲಿಲ್ಲ. ಅರ್ಥ ಹೇಳಿದ ಮೇಲೆ ಪಕ್ಕದ ಮೇಜಿನವರೂ ನಕ್ಕರು.

ಕೈ ಪಳಗಲು ಹೊತ್ತು ಹಿಡಿಯಿತು. ಅದಕ್ಕಿಂತ ದೊಡ್ಡ ಗೋಜಲು ನನ್ನ ಟಿಪ್ಪಣಿಗಳದು. ವರ್ಷಗಳಿಂದ ಕೂಡಿಟ್ಟ ಪದಗಳು ಫೋನಿನ ಮೂಲೆಮೂಲೆಯಲ್ಲಿ ಧ್ವನಿಯಾಗಿ, ಚಿತ್ರವಾಗಿ, ‘ಹೊಸದು’, ‘ಇನ್ನೂ ಹೊಸದು’, ‘ಇದೇ ಕೊನೇದು’ ಎಂಬ ಕಡತಗಳಾಗಿ ಬಿದ್ದಿದ್ದವು. ಟಿಪ್ಪಣಿ ಜೋಡಿಸುವವರ ಇನ್ನೊಂದು ಗ್ರೂಪಿಗೆ ಸೇರಿ, ಅವರು ಹೇಳಿದಂತೆ ಬಣ್ಣಬಣ್ಣದ ಗುರುತು ಹಚ್ಚಿ, ಪೆಟ್ಟಿಗೆಯೊಳಗೆ ಪೆಟ್ಟಿಗೆ ಮಾಡಿ, ಕೊನೆಗೆ ಒಂದು ಪದವನ್ನೂ ಬರೆಯದೆ ಕೂತಿದ್ದೆ. ನಿಮಗೆ ಹೆಮ್ಮೆಯಿಂದ ತೋರಿಸಿದರೆ ನೀವು ಅಂದದ್ದು, “ಚೆನ್ನಾಗಿದೆ, ಮದುವೆಮನೆ ಚಪ್ಪರದ ಹಾಗಿದೆ. ಗಂಡು-ಹೆಣ್ಣು ಎಲ್ಲಿ?” ಆಮೇಲೆ ನಿಧಾನವಾಗಿ ಹೇಳಿಕೊಟ್ಟಿರಿ: “ಒಂದು ಪದಕ್ಕೆ ಒಂದೇ ಟಿಪ್ಪಣಿ. ಯಾರು ಹೇಳಿದ್ರು, ಯಾವೂರಲ್ಲಿ, ಏನು ಮಾಡ್ತಾ ಹೇಳಿದ್ರು. ಸಾಕು. ಬೇಕಾದಾಗ ಹುಡುಕಿದ್ರೆ ಸಿಗತ್ತೆ.” ಚಪ್ಪರ ಕಿತ್ತುಹಾಕಿದೆ. ಈಗ ನನ್ನ ಟಿಪ್ಪಣಿ ತೆರೆದರೆ ಪದದ ಜೊತೆ ಬಲೆ ಹೆಣೆಯುತ್ತಿದ್ದ ಮುದುಕನೂ ಬರುತ್ತಾನೆ, ಮಗ್ಗದ ಮುಂದೆ ಕೂತವಳೂ ಬರುತ್ತಾಳೆ.

ಈಸ್ಟರ್‌ಗೆ ಮುಂಚೆಯೇ ಸರ್ ರೊಹೇಲ್ ಮೇಜಿನ ಮೇಲೆ ಹೊಸ ಬರಹಗಳ ಕಟ್ಟು ಇಟ್ಟೆ. ಓದಿ, ಕನ್ನಡಕ ತೆಗೆದು, “ಮೊದಲಿಗಿಂತ ವಾಕ್ಯ ಚಿಕ್ಕದಾಗಿದೆ, ಕೇಳೋಕೆ ಹಿತ” ಎಂದರು. ಒಂದು ಕೈಯವಳಿಗೆ ಹೆಚ್ಚು ಮಾತು ದುಬಾರಿ ಎಂದೆ. ಮನಿಲಾದ ಹಾಡುಗಳು ಈಗ ನಮ್ಮ ನಂತರ ಬರುತ್ತವೆ.

ಹೇಳಬೇಕಾದ ಸುದ್ದಿ ಇನ್ನೊಂದಿದೆ, ಮೊದಲು ನಿಮಗೇ ಹೇಳುತ್ತಿದ್ದೇನೆ. ಮೊಣಕೈ ಮಡಚುವುದು ಬೇಸಿಗೆಯಲ್ಲೇ ಬಂದಿತ್ತಲ್ಲ, ಈ ವಾರ ಬಲಗೈಯ ಬೆರಳುಗಳು ಲೋಟವೊಂದನ್ನು ಸುತ್ತಿ ಹಿಡಿದವು. ಅರ್ಧ ತುಂಬಿದ ಲೋಟ, ಆದರೂ ಬೀಳಲಿಲ್ಲ. ಡಾಕ್ಟರಮ್ಮ ಖುಷಿಯಾಗಿ, “ಇನ್ನು ಮೆಲ್ಲಗೆ ಹಳೇ ಕೀಬೋರ್ಡಿಗೆ ವಾಪಸ್ ಹೋಗ್ಬಹುದು ನೋಡಿ” ಎಂದರು. ನಾನು ಬೇಡವೆಂದೆ. ಕಷ್ಟಕಾಲದಲ್ಲಿ ಬರೆದದ್ದು ಎಡಗೈ, ಬರವಣಿಗೆ ಅದರದೇ ಇರಲಿ. ಬಲಗೈ ಮನೆಗೆ ಬಂದ ನೆಂಟನ ಹಾಗೆ ಪಕ್ಕದಲ್ಲಿ ಕಾಫಿ ಹಿಡಿದುಕೊಂಡು ಕೂತಿರಲಿ.

ನಿಮ್ಮ ಕಣ್ಣು, ನಿಮ್ಮ ಮೊಣಕಾಲು, ನಿಮ್ಮ ಬೆಸುಗೆಯ ಕಡ್ಡಿ ಎಲ್ಲವೂ ಗಟ್ಟಿಯಾಗಿರಲಿ ಮಾನಾಂಗ್. ದೇವರು ನಿಮ್ಮ ಬೆರಳುಗಳಿಗೆ ಎಂದೂ ಬೇಜಾರು ಕೊಡದಿರಲಿ.

ಎರಡೂ ಕೈಗಳಿಂದ ನಿಮ್ಮ ಕೈಯನ್ನು ಹಣೆಗೊತ್ತಿಕೊಳ್ಳುತ್ತಾ,
ನಿಮ್ಮ ಇಂದಾಯ್,
ಜೆನೆಲಿನ್