ಸ್ಮೆಲ್ಟ್ ಮೊಟ್ಟೆಗಳ ಮೇಲೊಂದು ಕಲ್ಲುಗೋಡೆ

ಮಾನ್ಯ ಕರಾವಳಿ ಪರವಾನಗಿ ಅಧಿಕಾರಿಗಳೇ,

ವ್ಯಾಂಕೂವರ್ ದ್ವೀಪದ ನಮ್ಮ ಟ್ಯಾಲೊ ಕೊಲ್ಲಿಯ ದಂಡೆಗೆ ಕಲ್ಲುಗೋಡೆ ಕಟ್ಟಲು ನೀವು ಅನುಮತಿ ಕೊಟ್ಟಿದ್ದೀರಿ. ‘ಇಲ್ಲಿ ಮೀನು ಮೊಟ್ಟೆಯಿಡುವುದು ಕಂಡುಬಂದಿಲ್ಲ’ ಎಂಬುದು ಆದೇಶದ ಕಾರಣ. ಕಂಡುಬಾರದಿರಲು ನಿಮ್ಮ ಪರಿವೀಕ್ಷಕರು ಪಟ್ಟ ಶ್ರಮಕ್ಕೆ ನಾನೇ ಸಾಕ್ಷಿ. ನಮ್ಮ ಗೇಣುದ್ದದ ಸ್ಮೆಲ್ಟ್ ಮೀನು ಮರಳಿನಲ್ಲಿ ಮೊಟ್ಟೆಯಿಡಲು ದಡಕ್ಕೆ ಬರುವುದು ಚಳಿಗಾಲದಲ್ಲಿ. ಅವರು ಬಂದದ್ದು ಜುಲೈಯಲ್ಲಿ, ಉಬ್ಬರದ ಹೊತ್ತಿಗೆ. ಕಾರಿನಿಂದ ಇಳಿಯಲೂ ಇಲ್ಲ. ಮೀನಾದರೂ ಮುಂಚಿತವಾಗಿ ಅರ್ಜಿ ಹಾಕಿ ತನ್ನ ದಿನಾಂಕ ತಿಳಿಸಬೇಕಿತ್ತೇ? ಅಥವಾ ‘ನೋಡಲಿಲ್ಲ’ ಎಂಬುದಕ್ಕೆ ನಿಮ್ಮ ಕಚೇರಿಯ ಭಾಷೆಯಲ್ಲಿ ‘ಕಂಡುಬಂದಿಲ್ಲ’ ಎನ್ನುತ್ತಾರೆಯೇ?

ಐದು ಚಳಿಗಾಲಗಳಿಂದ ನಾವು ಆರು ಜನ ಎರಡು ವಾರಕ್ಕೊಮ್ಮೆ ಅದೇ ದಂಡೆಯ ಮರಳು ಬಗೆದು, ಜರಡಿ ಹಿಡಿದು, ಅಕ್ಕಿಯ ಕಲ್ಲು ಗಾಲಿಸಿದಂತೆ ಬೋಗುಣಿಯಲ್ಲಿ ಗಾಲಿಸಿ, ಗಸಗಸೆಯಂಥ ಮೊಟ್ಟೆಗಳನ್ನು ಸೂಕ್ಷ್ಮದರ್ಶಕದಲ್ಲಿ ಎಣಿಸಿ ನಿಮಗೇ ಕಳಿಸುತ್ತಿದ್ದೇವೆ. ಈ ವಿಧಾನ ಕಲಿಸಿದ್ದೂ ನಿಮ್ಮ ಇಲಾಖೆಯೇ. ಈಗ ಅದು ‘ಹವ್ಯಾಸಿಗಳ ಎಣಿಕೆ’ಯಂತೆ. ನಿಮ್ಮ ಕಾಗದದ ತಲೆಯ ಮೇಲೆ ಠೀವಿಯಿಂದ ಜಿಗಿಯುವ ಸಾಲ್ಮನ್ ಮೀನು ಈ ಸ್ಮೆಲ್ಟ್ ಅಲ್ಲದೆ ಇನ್ನೇನು ತಿಂದು ಅಷ್ಟು ಕೊಬ್ಬಿದೆ ಎಂದುಕೊಂಡಿರಿ?

ಕಳೆದ ಮಂಗಳವಾರ ಅಗೆಯುವ ಯಂತ್ರ ಬಂತು. ನಮ್ಮ ತಂಡದ ಆರ್ಡಿತ್, ಶಾಲೆಯ ಬಸ್ಸು ಓಡಿಸಿ ನಿವೃತ್ತಳಾದ ಎಪ್ಪತ್ತೊಂಬತ್ತರ ಹೆಂಗಸು, ಅದರೆದುರು ಮಡಚುವ ಕುರ್ಚಿ ಹಾಕಿ, ಮಡಿಲಲ್ಲಿ ಸೂಕ್ಷ್ಮದರ್ಶಕ ಇಟ್ಟುಕೊಂಡು ಕುಳಿತಳು.

“ಅಜ್ಜಿ, ಏಳಿ. ನನ್ ಕೆಲಸ ಹೋಗುತ್ತೆ,” ಎಂದ ಚಾಲಕ ಲಾರ್ನ್.

“ಒಂದನೇ ಕ್ಲಾಸಿಂದ ನಿನ್ನನ್ನ ಬಸ್ಸಲ್ಲಿ ಹೊತ್ತೋಳು ಕಣೋ ನಾನು. ಒಂದ್ಸಲ ಇಳಿದು ಇದರೊಳಗೆ ನೋಡು. ಆಮೇಲೆ ಬೇಕಾದ್ರೆ ನನ್ನನ್ನೂ ಸೇರಿಸಿ ಬಗಿ.”

ಅವನು ಗೊಣಗುತ್ತ ಇಳಿದು ಸೂಕ್ಷ್ಮದರ್ಶಕಕ್ಕೆ ಕಣ್ಣಿಟ್ಟ. “ಮರಳು ತಾನೆ?”

“ಮರಳಿಗೆ ಕಣ್ಣಿರುತ್ತೇನೋ?”

ಅವನು ಮತ್ತೆ ಬಗ್ಗಿ ನೋಡಿದ. “ಅಯ್ಯೋ, ಮೊಟ್ಟೆಯೊಳಗೆ ಮರಿ ಹೊರಳ್ತಾ ಇದೆ!” ಎಂದವನೇ ಹೋಗಿ ಯಂತ್ರ ಆರಿಸಿದ.

ಸಂಜೆಯೊಳಗೆ ಅವನ ಕೆಲಸ ಹೋಯಿತು. ಮರುದಿನ ಆರ್ಡಿತ್ ಸೂಪು ಹಿಡಿದು ಅವನ ಮನೆಗೆ ಹೋಗಿ ಕ್ಷಮೆ ಕೇಳಿದಳು. “ಬಿಡಿ ಅಜ್ಜಿ,” ಎಂದನಂತೆ, “ನಮ್ಮಪ್ಪ ಅಲ್ಲೇ ಈ ಮೀನು ಹಿಡಿದು ನಮ್ಮನ್ನ ಸಾಕಿದ್ದು. ನಾನು ಅದರ ಮೇಲೇ ಕಲ್ಲು ಹೇರೋಕೆ ಹೊರಟಿದ್ದೆ.” ನಕ್ಕನಂತೆ, ಆದರೆ ಸೂಪು ಮುಟ್ಟಲಿಲ್ಲವಂತೆ.

ಸೋಮವಾರ ಬೇರೆ ಚಾಲಕ ಬರುತ್ತಾನೆ. ಅಷ್ಟರೊಳಗೆ ಆದೇಶ ತಡೆಹಿಡಿಯಿರಿ. ಖುದ್ದು ಬಂದು ಮರಳಿಗಿಳಿಯಿರಿ. ಬೂಟು ನಾವು ಕೊಡುತ್ತೇವೆ. ಇಲ್ಲವಾದರೆ ಯಂತ್ರದೆದುರು ಕೂರುವ ಸರದಿ ಅಂದು ನನ್ನದು.

ಇಂತಿ,
ಕೂತರೆ ಏಳಲು ಇಬ್ಬರ ಕೈ ಬೇಕಾಗುವ ನಿವೃತ್ತ ಅಂಚೆಯಾಕೆ,
ಹೆಡ್ವಿಗ್ ಪ್ರೂಡನ್