ನಿನ್ನ ಮಳೆ, ನನ್ನ ಹೊಸ್ತಿಲು

ಭಾನುವಾರ
ನೀರಿಳಿದ ಮರುದಿನ

ಪ್ರಿಯ ಸಹಧರ್ಮಿಣಿಗೆ (ಈ ಸಂಬೋಧನೆ ಇನ್ನೂ ಚಾಲ್ತಿಯಲ್ಲಿದೆ ಎಂಬ ಭರವಸೆಯಿಂದ),

ನಾನು ಕ್ಷೇಮ. ಮನೆಯೂ ಕ್ಷೇಮವೇ, ಗೋಡೆಯ ಮೇಲೆ ಸೊಂಟದೆತ್ತರಕ್ಕೆ ಉಳಿದಿರುವ ಕೆಸರಿನ ಗೆರೆಯೊಂದನ್ನು ಬಿಟ್ಟರೆ. ಗೆರೆ ಬಹಳ ನೇರವಾಗಿದೆ. ನನ್ನ ಶಿಷ್ಯರಲ್ಲಿ ಒಬ್ಬನೂ ಅಳತೆಪಟ್ಟಿ ಇಟ್ಟು ಹಾಗೆ ಎಳೆದದ್ದಿಲ್ಲ.

ನಿನ್ನ ಹೊಲಿಗೆ ಯಂತ್ರವನ್ನು ಲಾರಿಗೆ ಹಾಕಿ ಅಣ್ಣನ ಮನೆಗೆ ಕಳುಹಿಸಬೇಕೆಂದು ನೀನು ಬರೆದದ್ದು ತಲುಪಿದೆ. ಅದರ ಸದ್ದಿಗೆ ನನ್ನ ಓದು ಕೆಡುತ್ತದೆಂದು ನಾನು ಅದನ್ನು ಸೈಕಲ್ ಶೆಡ್ಡಿಗೆ ಹಾಕಿಸಿದ್ದಕ್ಕೇ ನೀನು ಹೊರಟುಹೋದೆ ಎಂಬುದೂ ನೆನಪಿದೆ. ಸದ್ಯ ರಸ್ತೆ ಕೆಟ್ಟಿದೆ, ಲಾರಿಗಳು ಬರುತ್ತಿಲ್ಲ.

ಬುಧವಾರ ಇಲ್ಲಿ ಸುಡುಬಿಸಿಲು. ಎದುರುಮನೆಯ ಕಾಂಪೌಂಡರ್ ಗೇಟಿನ ಬಳಿ ನಿಂತು, “ಮೇಷ್ಟ್ರೇ, ಅಕ್ಕ ಫೋನ್ ಮಾಡಿದ್ರು. ಅಲ್ಲಿ ಬೆಟ್ಟದ ಮೇಲೆ ಒಂದೇ ಸಮ ಸುರೀತಿದೆಯಂತೆ. ಸಾಮಾನೆಲ್ಲ ಮಹಡಿಗೆ ಸಾಗಿಸ್ಬೇಕಂತೆ” ಎಂದ. ನೀನು ನನಗೇ ಫೋನ್ ಮಾಡಬಹುದಿತ್ತು. ಹೆಂಡತಿಯ ಎಚ್ಚರಿಕೆ ಕಾಂಪೌಂಡರನ ಬಾಯಲ್ಲಿ ಬಂದರೆ ಗಂಡನಾದವನು ಒಪ್ಪುವುದು ಹೇಗೆ? ಆಕಾಶ ತೋರಿಸಿ, “ಒಂದು ಮೋಡ ಹುಡುಕಿಕೊಡಯ್ಯ, ಆಮೇಲೆ ನೋಡೋಣ” ಎಂದೆ.

“ನೀರು ಆಕಾಶದಿಂದ ಬರಲ್ಲ ಮೇಷ್ಟ್ರೇ, ಹೊಳೆಯಿಂದ ಬರುತ್ತೆ. ಏಳನೇ ಕ್ಲಾಸಲ್ಲಿ ನೀವೇ ಕಿವಿ ಹಿಂಡಿ ಕಲಿಸಿದ್ದು” ಎಂದು ನಕ್ಕ.

ಕಲಿಸಿದ್ದು ನಿಜ. ಯಾವ ಯಾವ ಇಳಿಜಾರಿನ ನೀರು ಒಂದೇ ನದಿಯನ್ನು ಸೇರುತ್ತದೆಯೋ ಅಷ್ಟೂ ನೆಲ ಒಂದೇ ಜಲಾನಯನ ಪ್ರದೇಶ. ನಿನ್ನಣ್ಣನ ಮನೆಯ ಸೂರಿನ ನೀರಿಗೆ ನನ್ನ ಹೊಸ್ತಿಲಲ್ಲದೆ ಬೇರೆ ದಾರಿಯಿಲ್ಲ. ಕಳೆದ ಬೇಸಿಗೆಯಲ್ಲಿ ಇಲ್ಲಿ ಅಷ್ಟಿಷ್ಟು ಮಳೆ ಬಿದ್ದರೂ ನಮ್ಮ ನಲ್ಲಿ ಬರೀ ಗಾಳಿ ಊದಿದ್ದು, ನಿಮ್ಮ ಬೆಟ್ಟಕ್ಕೆ ಮಳೆ ಕೈಕೊಟ್ಟಿದ್ದರಿಂದಲೇ. ಈಗಂತೂ ಹವಾಮಾನ ಶಿಸ್ತು ಬಿಟ್ಟಿದೆ: ಬಿಸಿಯಾದ ಗಾಳಿ ಹೆಚ್ಚು ಆವಿ ಹೊರುತ್ತದೆ, ತಿಂಗಳುಗಟ್ಟಲೆ ಸತಾಯಿಸಿ ಒಂದೇ ಸಲಕ್ಕೆ ಸುರಿದುಬಿಡುತ್ತದೆ. ಮನೆ ಬಿಟ್ಟ ದಿನ ನೀನು ಮಾತಾಡಿದ್ದೂ ಹೀಗೆಯೇ. ಇದು ದೂರಲ್ಲ, ಉದಾಹರಣೆ.

ಗುರುವಾರ ಬೆಳಗ್ಗೆ, ಒಂದು ಹನಿ ಮಳೆಯಿಲ್ಲದೆ, ಹೊಳೆ ಒಳಗೆ ಬಂತು. ಪುಸ್ತಕದ ಕಪಾಟು ಮಗುಚಿತು. ನಿಘಂಟು ಉಬ್ಬಿ ದಿಂಬಿನಷ್ಟಾಗಿದೆ. ಕಾಂಪೌಂಡರ್ ಇಣುಕಿ, “ಅಷ್ಟು ಹೇಳಿದ್ರೂ ಒಂದು ಪುಸ್ತಕನೂ ಮೇಲಕ್ಕೆ ಒಯ್ಯಲಿಲ್ವಲ್ಲ ಮೇಷ್ಟ್ರೇ, ರಾತ್ರಿಯೆಲ್ಲ ಏನ್ಮಾಡ್ತಿದ್ರಿ?” ಎಂದು ಕೇಳಿದ. ಶಿಷ್ಯರ ಎಲ್ಲ ಪ್ರಶ್ನೆಗಳಿಗೂ ಉತ್ತರಿಸುವ ಅಗತ್ಯವಿಲ್ಲ.

ನಿನ್ನಣ್ಣನಿಗೆ ನನ್ನ ನಮಸ್ಕಾರ.

ಇಂತು,
ಅದೇ ನದಿಯ ಕೆಳದಂಡೆಯಲ್ಲಿರುವ
ನಿನ್ನ ಗಂಡ

ತಾ.ಕ.: ಯಂತ್ರ ನೆನೆದಿಲ್ಲ. ಒಬ್ಬನೇ ಮಹಡಿಗೆ ಹತ್ತಿಸುವಾಗ ನನ್ನ ಸೊಂಟ ಹಿಡಿದುಕೊಂಡಿದೆ, ಆದ್ದರಿಂದ ಇಳಿಸುವ ಮಾತಿಲ್ಲ. ಕಿಟಕಿಯ ಬೆಳಕಿಗೆ ಇಟ್ಟು, ಪಕ್ಕದಲ್ಲೇ ನನ್ನ ಕುರ್ಚಿ ಹಾಕಿಕೊಂಡಿದ್ದೇನೆ. ಓದಲು ಪುಸ್ತಕವಂತೂ ಉಳಿದಿಲ್ಲ, ಸದ್ದಾದರೂ ಇರಲಿ. ಲಾರಿ ಬಾರದ ರಸ್ತೆಯಲ್ಲಿ ಬಸ್ಸು ನಿನ್ನೆಯಿಂದ ಓಡುತ್ತಿದೆ.