ದೋಣಿಯಲ್ಲಿ ನಿಂತು ಬೈದದ್ದು

ವಿಜಯವಾಡ
ಸೆಪ್ಟೆಂಬರ್ 6, 2024, ಶುಕ್ರವಾರ

ನಮ್ಮ ಮನೆಯವರಾದ ಶಿವಲಿಂಗಪ್ಪನವರಿಗೆ,

ಪುಟ್ಟಮ್ಮ ಮಾಡುವ ನಮಸ್ಕಾರ. ಇದು ಬರೀ ನಮಸ್ಕಾರ, ಇದರಲ್ಲಿ ರಾಜಿಯ ಮಾತು ಹುಡುಕಬೇಡಿ. ಫೋನ್ ಮಾಡಬಹುದಿತ್ತು. ಆದರೆ ನನ್ನ ಹೆಸರು ಕಂಡರೆ ನೀವು ಎತ್ತುವುದಿಲ್ಲ. ಮೇಲಾಗಿ ನನ್ನ ಫೋನು ಈಗ ನಿಮ್ಮೂರಿನ ಪ್ರವಾಹದ ತಳದಲ್ಲಿದೆ. ಅದು ಅಲ್ಲಿಗೆ ಹೇಗೆ ಹೋಯಿತೆಂದು ಹೇಳುವುದಕ್ಕೇ ಈ ಕಾಗದ, ಬೇರೆ ಯಾವುದಕ್ಕೂ ಅಲ್ಲ.

ಯುಗಾದಿ ಕಳೆದ ಮೇಲೆ ನೀವು, ನಿನ್ನ ಬಾಯಿಗೆ ಹೆದರಿ ಹಡಗುಗಳೂ ಬಂದರು ಬಿಟ್ಟು ಓಡಿಯಾವು ಎಂದು ಹೇಳಿ, ಈ ವಿಜಯವಾಡದ ಪಟಮಟದಲ್ಲಿ ಕೋಣೆ ಹಿಡಿದು ಕೂತಿರಿ. ಆಯುಷ್ಯವೆಲ್ಲ ವಿಶಾಖಪಟ್ಟಣ ಬಂದರಿನ ಕಚೇರಿಯಲ್ಲಿ ಕಳೆದವರು, ಹಡಗಿನ ಮನಸ್ಸು ನಿಮಗೆ ಗೊತ್ತಿರಬೇಕು. ನಾನು ದ್ವಾರಕಾ ನಗರದ ಮನೆಯಲ್ಲಿ ಒಬ್ಬಳೇ ಉಳಿದೆ. ಗೋಡೆಯನ್ನು ಎಷ್ಟೆಂದು ಬೈಯುವುದು? ಕೆಳಗಿನ ಮನೆಯ ರಾಮಮೋಹನ್ ಗಾರು, ಅದೇ, ಬ್ಯಾಂಕಿನಿಂದ ನಿವೃತ್ತರಾದರಲ್ಲ ಅವರು, ಬಡಾವಣೆಯವರನ್ನೆಲ್ಲ ಕೂಡಿಸಿ ವಿಪತ್ತು ಪರಿಹಾರದ ಸ್ವಯಂಸೇವಕರ ತಂಡ ಕಟ್ಟುತ್ತಿದ್ದರು. ಸೇರಿಬಿಟ್ಟೆ.

ಬೀಚಿನಲ್ಲಿ ತರಬೇತಿ ಆಯಿತು. ನನಗೆ ಗಾಯಾಳುವಿನ ಪಾತ್ರ ಕೊಟ್ಟು ಸ್ಟ್ರೆಚರ್ ಮೇಲೆ ಮಲಗಿಸಿದರು. ಸಮುದ್ರದ ಗಾಳಿ ತಂಪಾಗಿತ್ತು, ನಿದ್ದೆ ಬಂದುಬಿಟ್ಟಿತು. ಎದ್ದಾಗ ಎಲ್ಲರೂ ಚಪ್ಪಾಳೆ ತಟ್ಟುತ್ತಿದ್ದರು. ಮೂರ್ಛೆ ಹೋದವಳು ಗೊರಕೆ ಹೊಡೆದದ್ದೊಂದೇ ತಪ್ಪಂತೆ. ಹಗ್ಗದ ಗಂಟು ಕಲಿಸಲು ಬಂದವರಿಗೆ ನಮ್ಮೂರಿನಲ್ಲಿ ಎಮ್ಮೆ ಕಟ್ಟುವ ಗಂಟು ಹಾಕಿ ತೋರಿಸಿದೆ. ಇನ್ನೂ ಬಿಚ್ಚುತ್ತಿದ್ದಾರೆ.

ಆಮೇಲೆ ವಿಜಯವಾಡದಲ್ಲಿ ಬುಡಮೇರು ಹಳ್ಳ ಉಕ್ಕಿ ಬೀದಿಬೀದಿ ಮುಳುಗಿತಲ್ಲ, ರಾಮಮೋಹನ್ ಗಾರು ಅಲ್ಲಿಗೆ ಯಾರು ಹೊರಡುತ್ತೀರಿ ಎಂದು ಕೇಳಿದರು. ಎಲ್ಲರಿಗಿಂತ ಮೊದಲು ನನ್ನ ಕೈ ಮೇಲೆ ಹೋಗಿತ್ತು. ಭುಜ ಹಿಡಿದುಕೊಂಡಿತ್ತು, ಸಡಿಲ ಮಾಡಿಕೊಳ್ಳೋಣವೆಂದು ಎತ್ತಿದ್ದೆ. ಪಟಮಟಕ್ಕೆ ನೀರು ಬಂದಿದೆಯೇ ಎಂದು ನಾಲ್ಕಾರು ಜನರನ್ನು ವಿಚಾರಿಸಿದ್ದು ಸಾಮಾನ್ಯ ಜ್ಞಾನಕ್ಕಾಗಿ.

ನಿನ್ನೆ ಬೆಳಿಗ್ಗೆ ನಮ್ಮ ದೋಣಿ ಒಂದು ಮಹಡಿ ಮನೆಯ ಮುಂದೆ ನಿಂತಿತು. ಕೆಳಗಿನ ಅಂತಸ್ತು ನೀರಿನೊಳಗೆ. ಮೇಲೆ ತಾರಸಿಯಲ್ಲಿ ಕಾಮೇಶ್ವರ ಎಂಬ ಮುದುಕರು ಕೊಡೆ ಹಿಡಿದು ಕುರ್ಚಿ ಹಾಕಿಕೊಂಡು ಕೂತಿದ್ದಾರೆ. ಮೆಟ್ಟಿಲ ಬಾಗಿಲಲ್ಲಿ ಅವರ ಹೆಂಡತಿ ಲಕ್ಷ್ಮೀಕಾಂತಮ್ಮ, ಗಂಡನಿಗೆ ಬೆನ್ನು ಹಾಕಿ. ರಾಮಮೋಹನ್ ಗಾರು ಕೈಮುಗಿದು, "ಅಯ್ಯಾ, ದಯಚೇಸಿ ಬನ್ನಿ" ಎಂದರು.

"ಆವಿಡ ಬರ್ತಾರಾ ಕೇಳಿ" ಎಂದರು ಮುದುಕರು, ಹೆಂಡತಿಯ ಬೆನ್ನು ತೋರಿಸಿ.

"ಅವರು ಮೊದಲು ಹೋಗಲಿ ಅನ್ನಿ" ಎಂದರು ಆಕೆ.

ವಿಷಯವೇನೆಂದರೆ, ಅವರಿಬ್ಬರಿಗೂ ಸಂಕ್ರಾಂತಿಯಿಂದ ಮಾತಿಲ್ಲ. ಒಬ್ಬರನ್ನು ಬಿಟ್ಟು ಒಬ್ಬರು ಹೋಗುವುದಕ್ಕೂ ತಯಾರಿಲ್ಲ, ಬಾ ಎಂದು ಕರೆಯುವುದಕ್ಕೂ ತಯಾರಿಲ್ಲ. ರಾಮಮೋಹನ್ ಗಾರು ಅಲ್ಲಿಂದಿಲ್ಲಿಗೆ ಮಾತು ಹೊರುತ್ತ ನಿಂತರು. ನೀರು ನೋಡನೋಡುತ್ತ ಇನ್ನೊಂದು ಮೆಟ್ಟಿಲು ನುಂಗಿತು. ನನಗೆ ತಡೆಯಲಾಗಲಿಲ್ಲ. ದೋಣಿಯಲ್ಲಿ ಎದ್ದು ನಿಂತೆ. ಕೋಪ ಬಂದಾಗ ನನಗೆ ತೆಲುಗು ಬರುವುದಿಲ್ಲ, ನಿಮಗೇ ಗೊತ್ತು.

"ಏನ್ರೀ ಯಜಮಾನ್ರೇ, ನೀರು ಬಾಗ್ಲಿಗ್ ಬಂದದೆ, ನಿಮ್ ಬಿಂಕ ಇನ್ನೂ ಇಳ್ದಿಲ್ವಾ? ಅಮ್ಮಯ್ಯಾ, ನೀನಾದ್ರೂ ಮಕ ತಿರುಗ್ಸು! ಮುನಿಸ್ಕಳಕ್ಕೆ ಒಣಗಿರೋ ಜಾಗ ಸಿಗ್ಲಿಲ್ವಾ ನಿಮ್ಗೆ? ಇಳೀರಿ ಅಂದ್ರೆ ಇಳೀಬೇಕು!"

ಮೊದಲು ಬಾಗಿಲು ತೆರೆದದ್ದು ಎದುರುಮನೆಯ ಮಹಡಿಯದು. ಆವರೆಗೆ ಯಾರು ಕರೆದರೂ ಬರುವುದಿಲ್ಲವೆಂದಿದ್ದ ಸಂಸಾರ ಗಂಟುಮೂಟೆ ಸಮೇತ ಹೊರಗೆ ಬಂದು ಸಾಲಾಗಿ ನಿಂತಿತು. ಪಕ್ಕದ ತಾರಸಿಯಿಂದಲೂ ಒಬ್ಬರು ಕೈ ಎತ್ತಿ, ಬರುತ್ತೇನೆ, ಬೈಯಬೇಡಿ ಎಂದರು.

ಲಕ್ಷ್ಮೀಕಾಂತಮ್ಮ ಗಂಡನ ಕಡೆ ತಿರುಗಿದರು. "ಏಮಂಡೀ, ಏನಂತಿದ್ದಾರೆ ಈಕೆ?"

"ಮಾತು ತಿಳೀಲಿಲ್ಲ" ಎಂದರು ಅವರು. "ಆದರೆ ನಮ್ಮಿಬ್ಬರನ್ನೂ ಕೂಡಿಸಿ ಬೈದರು ಕಾಂತಂ. ಮತ್ತೆ ಶುರು ಮಾಡೋ ಮುಂಚೆ ಹೋಗೋಣ, ನಡಿ."

ಸಂಕ್ರಾಂತಿಯಿಂದ ಕಟ್ಟಿದ್ದ ಬಾಯಿ ಹಾಗೆ ಬಿಚ್ಚಿತು. ಆದರೆ ದೋಣಿಗೆ ಕಾಲಿಡುವಾಗ ಮುದುಕರು ಜಾರಿದರು. ಇದನ್ನು ನಗುತ್ತ ಬರೆಯಲಾರೆ. ಕೊಡೆ ಮಾತ್ರ ನೀರಿನ ಮೇಲೆ ಕಾಣುತ್ತಿತ್ತು, ಮನುಷ್ಯ ಕಾಣಲಿಲ್ಲ. ಆಕೆ ಕಿರುಚಲಿಲ್ಲ, ಮೆಟ್ಟಿಲ ಮೇಲೆ ಬೋರಲು ಬಿದ್ದು ಎರಡೂ ಕೈ ನೀರಿಗೆ ಹಾಕಿ ಅವರ ಅಂಗಿಯ ಕಾಲರ್ ಹಿಡಿದರು. ನಾನು ಬಗ್ಗಿ ಮುದುಕರ ತೋಳು ಹಿಡಿದೆ. ನನ್ನ ಸೊಂಟದಲ್ಲಿದ್ದ ಫೋನು ಆಗಲೇ ಹೋದದ್ದು. ಎಲ್ಲರೂ ಸೇರಿ ಎಳೆದು ದೋಣಿಯಲ್ಲಿ ಮಲಗಿಸಿದೆವು. ಕೊನೆಗೆ ಅವರು ಕೆಮ್ಮಿ ನೀರು ಕಕ್ಕಿ ಕಣ್ಣು ಬಿಟ್ಟರು. ಆ ಕ್ಷಣ ನನಗೆ ಯಾರ ಮುಖ ಕಣ್ಣಿಗೆ ಬಂತೆಂದು ಬರೆಯುವುದಿಲ್ಲ. ಕಾಗದ ಬೇರೆಯವರ ಕೈಗೆ ಸಿಕ್ಕೀತು.

ಶಿಬಿರ ಮುಟ್ಟುವವರೆಗೂ ಆಯಮ್ಮ ಗಂಡನನ್ನು ಬೈದ ಬೈಗುಳ ಕೇಳಬೇಕಿತ್ತು ನೀವು! ಕನ್ನಡಕ ಕಳೆದದ್ದಕ್ಕೆ, ಕೊಡೆ ಬಿಡದೆ ಹಿಡಿದದ್ದಕ್ಕೆ, ಮದುವೆಯ ದಿನ ಮಂಟಪಕ್ಕೆ ತಡವಾಗಿ ಬಂದದ್ದಕ್ಕೂ. ಮುದುಕರು ಕಂಬಳಿ ಹೊದ್ದು ಸಂಗೀತ ಕಚೇರಿಗೆ ಬಂದವರ ಹಾಗೆ ತಲೆದೂಗುತ್ತ ಕೂತಿದ್ದರು. ಇಷ್ಟು ದಿನ ಮನೆಯಲ್ಲಿ ಫ್ಯಾನಿನ ಸದ್ದು ಬಿಟ್ಟರೆ ಏನೂ ಕೇಳುತ್ತಿರಲಿಲ್ಲ ಎಂದು ನನಗೆ ಮೆಲ್ಲಗೆ ಹೇಳಿದರು.

ರಾಮಮೋಹನ್ ಗಾರು ನಿನ್ನೆಯಿಂದ ಜನರನ್ನು ಕರೆಯುವ ಮೈಕು ಮುಟ್ಟುವುದೇ ಇಲ್ಲ. ಯಾರಾದರೂ ಹಟ ಹಿಡಿದರೆ, "ಪುಟ್ಟಮ್ಮಗಾರೂ, ಸ್ವಲ್ಪ ಕನ್ನಡ" ಎನ್ನುತ್ತಾರೆ.

ಪಟಮಟದ ಕೋಣೆಯಲ್ಲಿ ಫ್ಯಾನ್ ಇದೆಯೇ? ಸುಮ್ಮನೆ ಕೇಳಿದೆ. ಮಾತ್ರೆ ಹೊತ್ತಿಗೆ ಸರಿಯಾಗಿ ತೆಗೆದುಕೊಳ್ಳಿ.

ಇಂತು,
ತಮ್ಮ ಮೇಲೆ ಕೋಪ ಪೂರ್ತಿ ಇಳಿಯದ,
ಪುಟ್ಟಮ್ಮ

ಮರೆತ ಮಾತು: ಈ ಕಾಗದಕ್ಕೆ ಅಂಚೆಚೀಟಿ ಇಲ್ಲವೆಂದು ನೀವು ಗಮನಿಸಿರಬೇಕು. ಬಾಗಿಲ ಸಂದಿಯಿಂದ ನಾನೇ ತಳ್ಳಿದ್ದೇನೆ. ಹೊರಗೆ ಮೆಟ್ಟಿಲ ಮೇಲೆ ಕೂತಿದ್ದೇನೆ, ಸೀರೆಯೆಲ್ಲ ಒದ್ದೆ. ನಿಮ್ಮ ಮನೆ ಮಾಲೀಕರು ಆಗಲೇ ಎರಡು ಸಲ ಇಣುಕಿ ನೋಡಿ ಹೋದರು. ಬೇಗ ಓದಿ ಬಾಗಿಲು ತೆಗೆಯಿರಿ, ಇಲ್ಲವಾದರೆ ಇಲ್ಲಿಂದಲೇ ಶುರು ಮಾಡುತ್ತೇನೆ.